ಕಂಬಳಿ ಹೊದ್ದ ಯಂತ್ರ

ತಾನಾಗಿ ಹೇಳಬೇಕೋ, ಕೇಳಿದರೆ ಮಾತ್ರ ಹೇಳಬೇಕೋ? ಕೇಳದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅದೇನೂ ಸುಳ್ಳಾಗುವುದಿಲ್ಲ ಎಂದು ದುಂಡೇಶ ತನ್ನೊಳಗೇ ವಾದ ಹೂಡಿದ. ಆದರೆ ಇಷ್ಟು ಸಣ್ಣ ಮಾತನ್ನು ಒಪ್ಪಿಕೊಳ್ಳಲು ಬೆಳಗಿನಿಂದ ಇಷ್ಟು ಹೊತ್ತು ಬೇಕಾಯಿತೆಂದರೆ, ಅದರಲ್ಲಿ ಎಲ್ಲೋ ಸುಳ್ಳು ಇದ್ದೇ ಇರಬೇಕು.

ಹಿತ್ತಲಲ್ಲಿ ಸೊಹೇಲ ಕುಕ್ಕರಗಾಲಲ್ಲಿ ಕೂತು ಹೀಟ್ ಪಂಪಿನ ಸ್ಕ್ರೂ ಬಿಚ್ಚುತ್ತಿದ್ದ. ಕಂಪನಿಯ ಸರ್ವಿಸ್ ಕೆಲಸದವನು. ಮೂರು ಸಲ ಫೋನು ಮಾಡಿ ಒಂಬತ್ತು ದಿನ ಕಾದ ಮೇಲೆ ವಿಜಯಪುರದಿಂದ ಸಿಂದಗಿಗೆ ಬೈಕಿನ ಮೇಲೆ ಬಂದಿದ್ದ. ಯಂತ್ರ ತಂದು ಇನ್ನೂ ತಿಂಗಳಾಗಿರಲಿಲ್ಲ. ಗಾಳಿಯಲ್ಲಿರುವ ಕಾವನ್ನು ಹೀರಿ ನೀರಿಗೆ ಕೊಡುವುದು ಅದರ ಕೆಲಸ. ಒಳಗೆ ನೀರು ಕಾಯುತ್ತ ಹೋದಂತೆ ಜಾಲರಿಯಿಂದ ಹೊರಗೆ ತಣ್ಣನೆಯ ಗಾಳಿ ಬರುತ್ತದೆ. ಹತ್ತೊಂಬತ್ತು ದಿನ ಚೆಂದಾಗಿ ನಡೆದು, ಇಪ್ಪತ್ತನೆಯ ದಿನ ಬೆಳಿಗ್ಗೆ ಗರ್ರೆಂದು ಸದ್ದು ಮಾಡಿ ನಿಂತಿತ್ತು.

ಅದನ್ನು ಕೊಂಡದ್ದು ಅವ್ವನಿಗಾಗಿ. ರೇವವ್ವನ ಕಣ್ಣಿನ ಪೊರೆ ತೆಗೆಸಿದ ಮೇಲೆ ಹೊಗೆ ತಾಕಬಾರದೆಂದು ಡಾಕ್ಟರು ಹೇಳಿದ್ದರು. ಆಕೆಯೋ ನಸುಕಿನಲ್ಲೆದ್ದು ತೊಗರಿಕಟ್ಟಿಗೆ ಒಟ್ಟಿ, ಹಂಡೆಯ ಮುಂದೆ ಕೂತು ಊದುವುದನ್ನು ಬಿಡುತ್ತಿರಲಿಲ್ಲ. ಗ್ಯಾಸಿನ ಗೀಸರು ಬಚ್ಚಲಮನೆಯಲ್ಲಿ ಬೇಡವೆಂದು ದುಂಡೇಶನ ಹೆಂಡತಿ ಸುರೇಖಾ ಹಟ ಹಿಡಿದಳು. ಹೀಗಾಗಿ ಇದು ಬಂತು. ಯಂತ್ರ ಕೆಟ್ಟು ನಿಂತ ದಿನದಿಂದ ಅವ್ವ ಮತ್ತೆ ಹಂಡೆಯ ಮುಂದೆ ಕೂತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. ವಾರಂಟಿಯಲ್ಲಿ ರಿಪೇರಿಯಾಗದಿದ್ದರೆ ಆ ಹಂಡೆಯೇ ಗತಿ; ಇನ್ನೊಂದು ಯಂತ್ರ ಕೊಳ್ಳುವ ಶಕ್ತಿ ಹೈಸ್ಕೂಲು ಮಾಸ್ತರನ ಮನೆಗೆ ಸದ್ಯಕ್ಕಿರಲಿಲ್ಲ.

ಸೊಹೇಲ ಜಾಲರಿ ಕಳಚಿ, ಒಳಗೆ ಬೆರಳು ಹಾಕಿ ಏನನ್ನೋ ಎಳೆದು ಬಿಸಿಲಿಗೆ ಹಿಡಿದ. ಕರಿಯ ಉಣ್ಣೆಯ ಎಳೆ. ಅದರ ಹಿಂದೆ ಇನ್ನೊಂದು, ಆಮೇಲೆ ಸಣ್ಣದೊಂದು ಉಂಡೆಯೇ ಬಂತು.

"ಸರ್, ಇಲ್ಲಿ ಕುರಿ ಕಟ್ತೀರೇನ್ರಿ?"

ಇಲ್ಲವೆಂದು ದುಂಡೇಶ ತಲೆಯಾಡಿಸಿದ. ಇಷ್ಟೇ ಕೇಳಿದನಲ್ಲ, ಇಷ್ಟಕ್ಕೇ ಉತ್ತರ ಕೊಟ್ಟೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಯಂತ್ರದ ಮೇಲಿದ್ದ ಕಂಬಳಿಯನ್ನು ಅವನು ಬೆಳಿಗ್ಗೆಯೇ ತೆಗೆದು, ಮಡಚಿ, ಅವ್ವನ ಟ್ರಂಕಿನಲ್ಲಿ ಇಟ್ಟು ಬಂದಿದ್ದ.

ಆ ಕಂಬಳಿ ಅಪ್ಪನದು. ಸಿದ್ದರಾಯ ಮತ್ತು ರೇವವ್ವ ತಂಗಡಗಿ ಕಡೆಯವರು. ಹೊಳೆದಂಡೆಯ ಹೊಲಗಳಲ್ಲಿ ಕುರಿ ತರುಬಿ, ಬಯಲಲ್ಲೇ ಮಲಗಿ ಎದ್ದು ಮೂವತ್ತು ವರ್ಷ ಕಳೆದಿದ್ದರು. ಸಿದ್ದರಾಯ ತೀರಿಕೊಂಡ ಮೇಲೆ ಹಿಂಡು ಮಾರಿ ಅವ್ವ ಮಗನ ಮನೆಗೆ ಬಂದಳು. ಹೀಟ್ ಪಂಪ್ ಬಂದ ಎರಡನೆಯ ದಿನ, ಅದು ನಡೆಯುತ್ತಿರುವಾಗ, ಆಕೆ ಜಾಲರಿಗೆ ಅಂಗೈ ಹಿಡಿದು ಬಹಳ ಹೊತ್ತು ನಿಂತಿದ್ದಳು. ಕುರಿಯ ಉಸಿರು ಕೈಗೆ ತಣ್ಣಗೆ ತಾಕಿತೆಂದರೆ ಅದು ಉಳಿಯುವ ಲಕ್ಷಣವಲ್ಲ; ಒಡನೆ ಕಂಬಳಿ ಸುತ್ತಿ ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಕು. ಇಲ್ಲಿ ಎಲ್ಲರಿಗೂ ನೀರು ಕಾಯಿಸಿಕೊಡುವ ಜೀವ ತಾನು ಮಾತ್ರ ತಣ್ಣನೆಯ ಉಸಿರು ಬಿಡುತ್ತಿತ್ತು. ಎಳ್ಳಮಾವಾಸ್ಯೆಯ ಹೊತ್ತಿನ ಚಳಿ ಬೇರೆ. ಅವ್ವ ಹೆಚ್ಚು ಯೋಚಿಸಲಿಲ್ಲ. ಅಪ್ಪ ಹೋದಾಗಿನಿಂದ ಟ್ರಂಕಿನ ತಳದಲ್ಲಿದ್ದ ಕಂಬಳಿಯನ್ನು ತೆಗೆದು ಯಂತ್ರಕ್ಕೆ ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕೂ ಕಡೆ ಒತ್ತಿ ಸಿಕ್ಕಿಸಿದಳು.

ಮಾರನೆಯ ದಿನ ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ದುಂಡೇಶ ಅದನ್ನು ಕಂಡ. ಯಂತ್ರದ ಜೊತೆ ಬಂದ ಪುಸ್ತಕವನ್ನು ಅವನು ಮೊದಲಿನಿಂದ ಕೊನೆಯವರೆಗೆ ಓದಿದ್ದ. ಸುತ್ತ ಗಾಳಿಯಾಡಬೇಕು, ಮುಚ್ಚಬಾರದು ಎಂದು ದಪ್ಪಕ್ಷರದಲ್ಲಿತ್ತು. ಓದದಿದ್ದರೂ ವಿಜ್ಞಾನ ಕಲಿಸುವವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಕಂಬಳಿ ಎಳೆಯಲು ಕೈ ಚಾಚಿದವನೇ ನಿಂತ. ಅವ್ವ ಪಡಸಾಲೆಯ ಬಾಗಿಲಲ್ಲಿ ಕೂತು ಅತ್ತಲೇ ನೋಡುತ್ತಿದ್ದಳು. ಆದರೆ ನಡುವಿನ ಹಗ್ಗದ ಮೇಲೆ ಒಗೆದ ಸೀರೆ ಹರವಿದ್ದರಿಂದ ಅವಳಿಗೆ ಅವನು ಕಾಣುತ್ತಿರಲಿಲ್ಲ; ಸೀರೆಯಂಚಿನ ಸಂದಿಯಿಂದ ಅವನಿಗೆ ಅವಳ ಮುಖ ಕಾಣುತ್ತಿತ್ತು. ಅಪ್ಪ ತೀರಿಕೊಂಡ ಮೇಲಿನ ನಾಲ್ಕು ವರ್ಷಗಳಲ್ಲಿ ಅವಳ ಮುಖ ಅಷ್ಟು ಹಗುರಾಗಿದ್ದುದನ್ನು ಅವನು ಕಂಡಿರಲಿಲ್ಲ. ನಾಳೆ ಮೆಲ್ಲಗೆ ತಿಳಿಸಿ ಹೇಳಿದರಾಯಿತು ಅಂದುಕೊಂಡು ಕೈ ಹಿಂದಕ್ಕೆ ತೆಗೆದ. ನಾಳೆಯ ನಾಳೆಗಳು ಹದಿನೇಳಾದವು. ಅಷ್ಟೂ ದಿನ ಹಿತ್ತಲಿಗೆ ಹೋಗದೆ ಬಚ್ಚಲಲ್ಲೇ ಕಾಲು ತೊಳೆದುಕೊಂಡ.

"ಕಂಪ್ರೆಸರ್ ಹೋಗೇತ್ರಿ," ಎಂದು ಸೊಹೇಲ ಎದ್ದುನಿಂತ. ಒಳಗೆ ಗಾಳಿ ಹೊಗದೆ ಹಿಮ ಕಟ್ಟಿತ್ತು, ಆ ಹಿಮದ ಮೇಲೇ ದಿನಾ ನಡೆದು ಸತ್ತಿದೆ, ಇದನ್ನು ಏನೋ ಮುಚ್ಚಿಟ್ಟಂತಿತ್ತು ಎಂದು ಬಿಡಿಸಿ ಹೇಳಿದ. ಅಷ್ಟರಲ್ಲಿ ಒಳಗಿನಿಂದ ರೇವವ್ವ ಬಂದಳು. ಕಂಕುಳಲ್ಲಿ ಆ ಕಂಬಳಿಯೇ ಇತ್ತು.

"ತಮ್ಮಾ, ಇದನ್ನ ಹೊಚ್ಚಿದ್ನಿ ನೋಡಪಾ. ಯಾರೋ ತಗದು ಟ್ರಂಕಿನಾಗ ಇಟ್ಟಾರ. ರಿಪೇರಿ ಆದ ಮ್ಯಾಲ ತಿರುಗಿ ಹೊಚ್ಚಲೋ, ಇಲ್ಲಾ ತೆಳ್ಳಂದೊಂದು ಚಾದರ ಸಾಕೋ?"

ಸೊಹೇಲ ಆಕೆಯ ಮುಖ ನೋಡಿದ, ಕಂಬಳಿ ನೋಡಿದ. ನಗು ತಡೆಯಲಾಗಲಿಲ್ಲ. "ಆಯಿ, ಮನ್ಯಾಗ ಫ್ರಿಜ್ಜೂ ಐತಿ. ಪಾಪ, ಕೂಸಿಗೆ ಹೊಲದಂಗ ಅದಕ್ಕೊಂದು ಕುಂಚಗಿ ಹೊಲೀರಿ."

ರೇವವ್ವನೂ ನಕ್ಕಳು. ಅವನು ನಕ್ಕದ್ದು ಏತಕ್ಕೆಂದು ಆಕೆಗೆ ತಿಳಿದದ್ದು ಆಮೇಲೆ, ಅವನು ಸತ್ತ ಕಂಪ್ರೆಸರನ್ನು ತೋರಿಸಿ, ಕಂಬಳಿಯಿಂದ ಇದಕ್ಕೆ ಉಸಿರು ಕಟ್ಟಿತೆಂದು ಹೇಳಿದಾಗ. ನಗು ಮುಖದ ಮೇಲೆ ಇನ್ನೂ ಇದ್ದಂತೆಯೇ ಕಂಬಳಿಯನ್ನು ಎದೆಗೆ ಅವಚಿಕೊಂಡಳು.

"ಉಸಿರು ಕಟ್ಟಿ ಸತ್ತಿತೇನು?" ಎಂದಳು.

ಸೊಹೇಲ ಫಾರ್ಮು ತೆಗೆದ. ತಾನು ಕಂಡದ್ದನ್ನೇ ಬರೆಯಬೇಕು, ಉಣ್ಣೆಯ ಫೋಟೋನೂ ಕಳಿಸಬೇಕು ಎಂದ. ಆದರೆ ಒಂದು ದಾರಿಯಿತ್ತು. ಯಂತ್ರ ಕೂರಿಸಿದವರು ಮುಚ್ಚಬಾರದೆಂದು ಬಾಯಿಬಿಟ್ಟು ತಿಳಿಸಬೇಕೆಂಬುದು ಕಂಪನಿಯದೇ ನಿಯಮ. ತಿಳಿಸಿರದಿದ್ದರೆ, ಮನೆಯವರಿಗೂ ಗೊತ್ತಿರದಿದ್ದರೆ, ಒಂದು ಸಲಕ್ಕೆ ವಾರಂಟಿಯಲ್ಲಿ ಮಾಡಿಕೊಡುತ್ತಾರೆ. ಪೆನ್ನು ಹಿಡಿದು ದುಂಡೇಶನ ಕಡೆ ತಿರುಗಿದ.

"ಮುಚ್ಚಬಾರದಂತ ಯಾರರ ಹೇಳಿದ್ರೇನ್ರಿ, ಸರ್?"

"ಯಾರೂ ಹೇಳಿಲ್ಲ," ಎಂದ ದುಂಡೇಶ. ಅದು ನಿಜ. ಕೂರಿಸಲು ಬಂದ ಇಬ್ಬರು ಅವಸರದಲ್ಲಿದ್ದರು. ಪೈಪು ಜೋಡಿಸಿ, ಸಹಿ ಹಾಕಿಸಿಕೊಂಡು ಹೊರಟುಬಿಟ್ಟಿದ್ದರು. ಅವನು ಆಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಹಂಗಾರ ನಿಮಗ ಗೊತ್ತಿರಲಿಲ್ಲ?"

ದುಂಡೇಶ ಬಾಯಿ ತೆರೆಯುವಷ್ಟರಲ್ಲಿ ಅವ್ವ ನಡುವೆ ಬಂದಳು. "ಅಂವಗೇನ್ ಗೊತ್ತು, ತಮ್ಮಾ. ಮುಂಜಾನೆ ಸಾಲಿಗೆ ಹೋದ್ರ ಸಂಜಿಗೆ ಬರಾಂವ. ಗೊತ್ತಿದ್ರ ನನಗ ಹೇಳತಿದ್ದಿಲ್ಲೇನು?"

ಗೊತ್ತಿರಲಿಲ್ಲ ಎಂಬುದರ ಮುಂದೆ ಸೊಹೇಲ ಗುರುತು ಹಾಕಿದ. ಪೆನ್ನಿನ ಅಷ್ಟು ಸಣ್ಣ ಸಪ್ಪಳವೂ ದುಂಡೇಶನಿಗೆ ಕೇಳಿಸಿತು. ಫಾರ್ಮಿನ ಕೆಳಗೆ ಅವನು ಸಹಿ ಮಾಡಿದ.

ಹನ್ನೊಂದು ದಿನಕ್ಕೆ ಹೊಸ ಕಂಪ್ರೆಸರ್ ಬಂತು, ಪುಕ್ಕಟೆಯಾಗಿ. ನಲ್ಲಿ ತಿರುವಿದರೆ ಹೊಗೆಯಿಲ್ಲದ ಬಿಸಿನೀರು. ಸುರೇಖಾ ಹಂಡೆಯನ್ನು ತಿಕ್ಕಿ ತೊಳೆದು ಅಟ್ಟಕ್ಕೆ ಹಾಕಿಸಿದಳು. ಕಂಬಳಿಯ ಕತೆಯನ್ನು ಓಣಿಯ ಹೆಂಗಸರಿಗೆ ಹೇಳಿ ನಗಿಸಿದಳು. ಅವಳ ಮನಸ್ಸಿನಲ್ಲಿ ಕೊಂಕಿರಲಿಲ್ಲ, ಅತ್ತೆಯ ಮೇಲಿನ ಸಲಿಗೆಯಷ್ಟೇ. ಕೆಲವು ದಿನಗಳಲ್ಲಿ ರೇವವ್ವ ತಾನೇ ಆ ಕತೆ ಹೇಳತೊಡಗಿದಳು. ಬಂದವರ ಮುಂದೆ, ಅವರು ಕೇಳುವ ಮೊದಲೇ.

"ನಾ ಕುರಿ ಕಾದಾಕಿ. ನನಗೇನ್ ತಿಳೀತೈತಿ," ಎಂದು ಮುಗಿಸುತ್ತಿದ್ದಳು. ಮೂರು ನೂರು ಕುರಿಗಳಲ್ಲಿ ಒಂದೊಂದರ ಕೆಮ್ಮನ್ನು ಕತ್ತಲಲ್ಲಿ ಗುರುತು ಹಿಡಿಯುತ್ತಿದ್ದ ಹೆಂಗಸು ಹಾಗೆ ಅಂದದ್ದನ್ನು ದುಂಡೇಶ ಹಿಂದೆ ಎಂದೂ ಕೇಳಿರಲಿಲ್ಲ.

ಆಕೆ ಮಿಕ್ಸರು ಮುಟ್ಟುವುದನ್ನು ಬಿಟ್ಟಳು, ಆಮೇಲೆ ಟೀವಿಯ ರಿಮೋಟನ್ನು. ಫ್ಯಾನು ಹಾಕಲು ಸೊಸೆಯನ್ನು ಕರೆಯುತ್ತಿದ್ದಳು. ಸ್ನಾನಕ್ಕೆ ಹೋಗುವಾಗ ನಲ್ಲಿಯ ಮುಂದೆ ನಿಂತು, ಮುಟ್ಟಲೇ ಎಂದು ಕೇಳುತ್ತಿದ್ದಳು. ಮುಟ್ಟವ್ವ, ಅದೇನೂ ಆಗುವುದಿಲ್ಲ ಎಂದು ಅವನು ದಿನಾ ಹೇಳುತ್ತಿದ್ದ. ಮರುದಿನ ಮತ್ತೆ ಕೇಳುತ್ತಿದ್ದಳು.

ಒಂದು ರವಿವಾರ ಆಕೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ದುಂಡೇಶ ನಲ್ಲಿ ತಿರುವಿಕೊಟ್ಟು ಅಲ್ಲೇ ನಿಂತ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಕೀಟು ಅರ್ಧ ತುಂಬುವವರೆಗೂ ಇಬ್ಬರೂ ನೀರನ್ನೇ ನೋಡಿದರು.

"ಏನರ ಹೇಳಾವಿದ್ದೇನು?" ಎಂದು ಅವ್ವ ಕೇಳಿದಳು.

"ನೀರು ಭಾಳ ಕಾದಾವು. ತಣ್ಣೀರು ಬೆರೆಸ್ಕೋ," ಎಂದ.

ಆಕೆ ಹೂಂ ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಕಂಬಳಿ ಹೊದಿಸಿದ ಮಾರನೆಯ ದಿನವೇ ತಾನು ಅದನ್ನು ನೋಡಿದ್ದೆ, ತೆಗೆಯಬೇಕೆಂದು ಗೊತ್ತಿದ್ದೂ ತೆಗೆಯಲಿಲ್ಲ ಎಂದು ದುಂಡೇಶ ಅವ್ವನಿಗೆ ಎಂದೂ ಹೇಳಲಿಲ್ಲ.