ಗುಡ್ಡ ಗುಡಿಸಿದ ದಿನ

ಜಿಲ್ಲೆ ಕಚೇರಿಯ ಹಿಕ್ಮತೋವ್ ನಮ್ಮ ಗುಡ್ಡ ನೋಡಲು ಬಂದದ್ದು ಜುಲೈಯಲ್ಲಿ. ಜುಲೈಯಲ್ಲಿ ಅಲ್ಲಿ ನೋಡಲು ಏನೂ ಇರುವುದಿಲ್ಲ. ಶಿರೇಶ್ ಗಿಡ ಮೇ ತಿಂಗಳಲ್ಲಿ ಆಳೆತ್ತರ ಹೂಗೊಂಚಲು ಎತ್ತುತ್ತದೆ, ಜೂನ್‌ನಲ್ಲಿ ಎಲೆ ಒಣಗಿಸಿಕೊಂಡು ಬೇರಿನೊಳಗೆ ಹೋಗಿ ಮಲಗಿಬಿಡುತ್ತದೆ. ಆಮೇಲೆ ಮಳೆ ಬಂದರೂ ಬಿಟ್ಟರೂ ಅದಕ್ಕೆ ಕೇಳಿಸುವುದಿಲ್ಲ. ಮೇಲೆ ಉಳಿಯುವುದು ಒಣ ದಂಟು ಮಾತ್ರ. ಆ ದಂಟುಗಳನ್ನೂ ಎರಡು ದಿನದ ಹಿಂದೆ ನಾನೇ ಕಿತ್ತು, ಹೊರೆ ಕಟ್ಟಿ, ಅತ್ತೆಯ ತಂದೂರಿನ ಪಕ್ಕ ಒಟ್ಟಿದ್ದೆ. ಪ್ರತಿ ವರ್ಷ ಕೀಳುತ್ತೇವೆ. ರೊಟ್ಟಿ ಒಲೆಗೆ ಅಷ್ಟು ಬೇಗ ಬೆಂಕಿ ಹಿಡಿಯುವುದು ಇನ್ನೊಂದಿಲ್ಲ.

"ಖಾಲಿ ಜಾಗ," ಎಂದು ಹಿಕ್ಮತೋವ್ ಪುಸ್ತಕ ತೆಗೆದು ಬರೆದುಕೊಂಡ.

ಖಾಲಿ ಎಂದಾದರೆ ಚಳಿಗಾಲಕ್ಕೆ ಮುಂಚೆ ಟ್ರ್ಯಾಕ್ಟರ್ ಬರುತ್ತದೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬಾದಾಮಿ ಸಸಿ ನೆಡುತ್ತಾರೆ. ಶಿರೇಶ್ ಬೇರುಗಳು ಚೂರು ಚೂರು. ಆ ಬೇರು ಒಣಗಿಸಿ ಕುಟ್ಟಿದ ಪುಡಿಯಿಂದಲೇ ಪೀರ್‌ನಜರ್ ಮಾವ ನಲವತ್ತು ವರ್ಷದಿಂದ ಊರವರ ಜೋಡಿನ ಅಟ್ಟೆ ಅಂಟಿಸುತ್ತಿರುವುದು. ಅಂಗಡಿಯ ಗೋಂದನ್ನು ಅವನು ಮೂಸುವುದೂ ಇಲ್ಲ. ಮಂಡಿ ನೋವು, ಗುಡ್ಡ ಹತ್ತಲಾರ. ಅದಕ್ಕೇ ಮಾತಾಡಲು ನಾನು ಹೋಗಿದ್ದೆ. ಮಾತಾಡುವುದು ನನಗೆ ಬರುವುದಿಲ್ಲ.

"ಖಾಲಿ ಅಲ್ಲ ಸಾಹೇಬ್ರೇ. ಕೆಳಗಡೆ ಬೇರಿದೆ."

"ಎಲ್ಲಪ್ಪಾ? ತೋರಿಸು."

ಗುದ್ದಲಿ ಹಾಕಿದೆ. ಒಂದು ಕಡೆ ಬರೀ ಮಣ್ಣು. ಇನ್ನೊಂದು ಕಡೆ ಕಲ್ಲು. ಮೂರನೇ ಕಡೆ ಬೇಸಿಗೆ ನಿದ್ದೆಯಲ್ಲಿದ್ದ ಒಂದು ಆಮೆ.

"ಬೇರಿಗೆ ಕೈ ಕಾಲು ತಲೆ ಎಲ್ಲಾ ಬಂದುಬಿಟ್ಟಿದೆಯಲ್ಲೋ!" ಅವನು ಹೊಟ್ಟೆ ಹಿಡಿದು ನಕ್ಕ. "ಎಷ್ಟನೇ ಕ್ಲಾಸ್ ಓದಿದ್ದೀಯ?"

"ಏಳು."

"ಗೊತ್ತಾಗುತ್ತೆ ಬಿಡು."

ಗುದ್ದಲಿ ನನ್ನ ಕೈಯಲ್ಲೇ ಇತ್ತು. ಆಮೆಯ ಮೇಲೆ ಮಣ್ಣು ಎಳೆದೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದು.

ಇಳಿಯುವಾಗ ರಾಜಧಾನಿ ದುಶಾನ್ಬೆಯಲ್ಲಿ ಕೊಂಡ ಅವನ ಶೂ ಕಲ್ಲಿಗೆ ಸಿಕ್ಕಿ ಅಟ್ಟೆ ಕಿತ್ತು ಬಾಯಿ ತೆರೆಯಿತು. ಪಟ್ ಪಟ್ ಎನ್ನಿಸುತ್ತಾ ಮಾವನ ಅಂಗಳಕ್ಕೆ ಬಂದ. ಮಾವ ಬೇರಿನ ಪುಡಿಗೆ ತಣ್ಣೀರು ಬೆರೆಸಿ, ಬೆರಳಲ್ಲಿ ಕಲಸಿ, ಅಟ್ಟೆಗೆ ಬಳಿದು, ಹಗ್ಗ ಸುತ್ತಿ ಕಲ್ಲಿನಡಿ ಇಟ್ಟ.

"ಸಂಜೆ ನಮಾಜಿನ ತನಕ ಮುಟ್ಟಬೇಡಿ ಸಾಹೇಬ್ರೇ."

ಒಂದು ಗಂಟೆ ಸಾಕು. ಮಾವ ಸುಳ್ಳು ಹೇಳಿದ್ದು ಅದೇ ಮೊದಲು.

"ಅಷ್ಟು ಹೊತ್ತಾ? ಬೇರೆ ಯಾವುದಾದ್ರೂ ಕೊಡಿ, ಹೋಗ್ತೀನಿ."

"ರಬ್ಬರ್ ಜೋಡು ಇದೆ. ಎರಡೂ ಎಡಗಾಲಿಂದು."

ಹಿಕ್ಮತೋವ್ ಬರಿಗಾಲಲ್ಲಿ ಕಟ್ಟೆ ಹತ್ತಿ ಕೂತ. ಅವನ ಮುಂದೆ ಹಸಿರು ಚಹಾ, ಒಣಗಿಸಿದ ಮೊಸರಿನ ಉಂಡೆ. ಮಾವ ನನ್ನ ಕಡೆ ನೋಡಿದ. ಗುದ್ದಲಿ ಎತ್ತಿಕೊಂಡು ಗುಡ್ಡಕ್ಕೆ ಓಡಿದೆ.

ಹಿಂದೆಯೇ ಸಫರ್ಮೋ ಅತ್ತೆ ಬಂದಳು, ಕಂಕುಳಲ್ಲಿ ದಂಟಿನ ಹೊರೆ, ಕೈಯಲ್ಲಿ ಪೊರಕೆ.

"ಎಲ್ಲೆಂದ್ರಲ್ಲಿ ಅಗೀತಿದ್ದೀಯಲ್ಲೋ ಹುಚ್ಚಪ್ಪ, ಇದೇನು ನಿನ್ನ ಮಾವನ ಗೋರಿನಾ? ದಂಟು ಕಿತ್ತ ಕಡೆ ತೂತು ಇರಲ್ವಾ?"

"ಧೂಳು ಮುಚ್ಚಿದೆ ಅತ್ತೆ."

"ಮನೇಲಿ ಧೂಳು ಬಿದ್ರೆ ಏನು ಮಾಡ್ತಾರೆ?"

ಗುಡಿಸಿದಳು. ಗುಡ್ಡವನ್ನು. ಬಗ್ಗಿ, ಕೋಣೆ ಗುಡಿಸಿದ ಹಾಗೆ, ಮೂಲೆಮೂಲೆ. ತೂತುಗಳು ಕಂಡವು. ಬೆರಳಿನಷ್ಟು ಅಗಲದವು, ಹತ್ತು, ಇಪ್ಪತ್ತು, ಆಮೇಲೆ ನಾನು ಎಣಿಸಲಿಲ್ಲ. ಗಾಳಿಗೆ ಮತ್ತೆ ಮುಚ್ಚಿಹೋಗುವ ಮೊದಲು ಒಂದೊಂದರಲ್ಲೂ ಒಂದೊಂದು ದಂಟು ಚುಚ್ಚುತ್ತಾ ಅವಳ ಹಿಂದೆ ಹೋದೆ. ಹೊರೆ ಮುಗಿದರೆ ಓಡಿಹೋಗಿ ಇನ್ನೊಂದು ತಂದೆ.

ಕಟ್ಟೆಯ ಮೇಲಿಂದ ಹಿಕ್ಮತೋವ್ ಕೇಳಿದನಂತೆ, "ಏನ್ರೀ ಇದು, ನಿಮ್ಮ ಹೆಂಡ್ತಿ ಗುಡ್ಡ ಗುಡಿಸ್ತಿದ್ದಾರೆ?"

"ಅವಳಿಗೆ ಧೂಳು ಕಂಡ್ರೆ ಆಗಲ್ಲ ಸಾಹೇಬ್ರೇ," ಅಂದನಂತೆ ಮಾವ.

ಸಂಜೆ ಶೂ ಹಾಕಿಕೊಂಡು ಅವನು ಮೇಲೆ ಬಂದಾಗ ಗುಡ್ಡದ ತುಂಬ ದಂಟು ನಿಂತಿತ್ತು.

"ನೀವೇ ಚುಚ್ಚಿದ್ದು."

"ಹೌದು," ಅಂದೆ. "ಯಾವುದು ಬೇಕೋ ಮುಟ್ಟಿ. ಅಗೀತೀನಿ."

ಹತ್ತಿರದ್ದೊಂದು ಮುಟ್ಟಿದ. ಮೊಣಕೈ ಆಳದಲ್ಲಿ ಬೇರು. ದೂರದ್ದೊಂದು ಮುಟ್ಟಿದ. ಬೇರು. ಮೂರನೆಯದಕ್ಕೆ ಅಂಚಿನವರೆಗೂ ನಡೆದು, ಕಲ್ಲುಗಳ ನಡುವಿನ ಸೊಟ್ಟ ದಂಟು ತೋರಿಸಿದ. ಅಲ್ಲಿ ಸಿಕ್ಕಿದ್ದು ಜೇಡನ ಹಾಗೆ ಸುತ್ತ ಕಾಲು ಚಾಚಿ ಮಲಗಿದ್ದ ಬೇರು, ನಡುವೆ ಬಿಳಿ ಮೊಗ್ಗು. ಅವನು ಕುಕ್ಕರುಗಾಲಲ್ಲಿ ಕೂತು ಮೊಗ್ಗು ಮುಟ್ಟಿದ.

"ಎಷ್ಟು ವರ್ಷದ್ದು ಇದು?"

"ನಾನು ಶಾಲೆ ಬಿಟ್ಟಾಗ ಬೀಜ ಆಗಿತ್ತು."

ಅವನು ನಗಲಿಲ್ಲ. 'ಖಾಲಿ' ಎಂದು ಬರೆದದ್ದನ್ನು ಹೊಡೆದುಹಾಕಿ, 'ಮೇ ತಿಂಗಳಲ್ಲಿ ಮತ್ತೆ ನೋಡತಕ್ಕದ್ದು' ಎಂದು ಬರೆದ.

"ಅಂದ್ರೆ ಟ್ರ್ಯಾಕ್ಟರ್ ಬರಲ್ವಾ?"

"ಮೇ ತನಕ ಬರಲ್ಲ. ಆಗ ಹೂ ನನ್ನ ಕಣ್ಣಿಗೆ ಕಾಣ್ಬೇಕು. ಕಾಣದೇ ಇದ್ರೆ ಬರುತ್ತೆ."

ಕಣ್ಣಿಗೆ ಕಂಡದ್ದನ್ನು ಮತ್ತೆ ಕಣ್ಣಿಗೆ ಕಾಣಿಸಬೇಕಂತೆ. ಹಲ್ಲು ಕಚ್ಚಿಕೊಂಡು ಮೂರು ಬೇರನ್ನೂ ಮೊಗ್ಗು ಮೇಲೆ ಬರುವಂತೆ ವಾಪಸ್ ಮಲಗಿಸಿ ಮಣ್ಣು ಎಳೆದೆ. ಹಿಕ್ಮತೋವ್ ಇಳಿದು ಹೋದ. ಅಟ್ಟೆ ಸದ್ದು ಮಾಡಲಿಲ್ಲ.

ದಂಟೆಲ್ಲ ಗುಡ್ಡದ ಮೇಲಿತ್ತು, ಆದ್ದರಿಂದ ಅತ್ತೆ ಸಗಣಿ ಬೆರಣಿಯಲ್ಲಿ ತಂದೂರು ಹತ್ತಿಸಬೇಕಾಯಿತು. ಕಣ್ಣೆಲ್ಲ ಹೊಗೆ.

"ಈ ಸಲ ಮಾರ್ಚ್‌ನಲ್ಲಿ ಶಿರೇಶ್ ಎಳೆ ಎಲೆ ಕುಯ್ಯೋ ಹಾಗಿಲ್ಲ," ಅಂದೆ. "ಕುಯ್ದ್ರೆ ಹೂ ಬರಲ್ಲ. ಊರಿಗೆಲ್ಲ ಹೇಳ್ತೀನಿ. ಸಾರಿಗೆ ಬೇರೆ ಸೊಪ್ಪು ನೋಡ್ಕೊಳ್ಳಲಿ."

"ಹೆಂಗಸರು ಕೇಳ್ತಾರಾ?"

"ಗುದ್ದಲಿ ಹಿಡ್ಕೊಂಡು ಅಲ್ಲೇ ಕೂತಿರ್ತೀನಿ."

"ನಾನು ಬಂದ್ರೆ?"

"ನೀನು ಬಂದ್ರೂ ಅಷ್ಟೇ."

ತಂದೂರಿನಿಂದ ಕಿತ್ತ ಬಿಸಿ ರೊಟ್ಟಿಯನ್ನು ಅವಳು ನನ್ನ ಎದೆಗೆ ಎಸೆದಳು. ಹಿಡಿದುಕೊಂಡೆ. ಅಂಗೈ ಸುಟ್ಟಿತು.