ಕಿಟಕಿಗಿಳಿದ ಗೂಡು

“ಅಪ್ಪ, ಗೂಡಿಗೆ ಯಾಕೆ ತಂತಿ ಸುತ್ತಿದೆ?”

ಹಾಲಿನ ಲೋಟ ಹಿಡಿದು ಬರುತ್ತಿದ್ದ ಅಪ್ಪ ಅಲ್ಲೇ ನಿಂತ. ಮಗಳು ಕಿಟಕಿಯ ಕಟ್ಟೆಯ ಮೇಲೆ ಕೂತು, ಸರಳಿಗೆ ಹಣೆ ಒತ್ತಿ, ಹೊರಗಿನ ಕೊಂಬೆಯನ್ನೇ ದಿಟ್ಟಿಸುತ್ತಿದ್ದಳು. ತೊಡೆಯ ಮೇಲಿನ ಪುಸ್ತಕದಲ್ಲಿ ಬೆಳಗಿನಿಂದ ಒಂದೇ ಸಾಲನ್ನು ಮತ್ತೆ ಮತ್ತೆ ಬರೆದಿದ್ದಳು: ಹಕ್ಕಿ ಬಂದಿಲ್ಲ.

ಆ ಪುಸ್ತಕವಿಲ್ಲದಿದ್ದರೆ ಅವಳು ಈ ಮನೆಗೆ ಬರುವುದು ಎಂದೋ ನಿಲ್ಲುತ್ತಿತ್ತು. ಹೆಂಡತಿ ಬೇರೆ ಮನೆ ಮಾಡಿದ ಮೇಲೆ ಮಗಳಿಗೆ ಅಪ್ಪನ ಮನೆಯೆಂದರೆ ಭಾನುವಾರದ ಶಿಕ್ಷೆ. ಒಂದೇ ಕೋಣೆ, ಮೂಲೆಯಲ್ಲಿ ಪೇಂಟಿನ ಡಬ್ಬಗಳು, ಮೂಗಿಗೆ ರಾಚುವ ಟರ್ಪೆಂಟೈನ್ ವಾಸನೆ. ಯಾವ ಮಗು ತಾನೇ ಇದ್ದೀತು? “ಅವಳು ಬೇಡ ಅಂದ ದಿನ ನಾನು ಕಳಿಸಲ್ಲ. ಬಲವಂತ ಎಲ್ಲ ನನ್ನ ಕೈಲಾಗಲ್ಲ” ಎಂದು ಹೆಂಡತಿ ಗೇಟಿನಲ್ಲೇ ಕಡ್ಡಿ ಮುರಿದಂತೆ ಹೇಳಿಹೋಗಿದ್ದಳು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವನು ಗೆರೆಯಿಲ್ಲದ ಪುಸ್ತಕವೊಂದನ್ನು ತಂದುಕೊಟ್ಟ. “ಇಲ್ಲಿ ಕಂಡಿದ್ದನ್ನೆಲ್ಲ ಬರಿ, ಚಿತ್ರ ಬಿಡಿಸು, ತಾರೀಖು ಹಾಕು” ಎಂದ. ಅಬ್ಬಾ, ಹುಡುಗಿ ಅದಕ್ಕೆ ಹೇಗೆ ಅಂಟಿಕೊಂಡಳು! ಪಾಚಿ, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಗಿಡ, ಹಲ್ಲಿ ಬಿಟ್ಟುಹೋದ ಬಾಲ, ಯಾವುದನ್ನೂ ಬಿಡಲಿಲ್ಲ. ಇರುವೆಗೆ ಎಂಟು ಕಾಲು ಎಂದು ವಾದಿಸಿದ ಅಪ್ಪನನ್ನು ನೆಲಕ್ಕೆ ಬಗ್ಗಿಸಿ ಎಣಿಸುವಂತೆ ಮಾಡಿದಳು. ಆರೇ ಇದ್ದವು. “ಇಷ್ಟು ವಯಸ್ಸಾದ್ರೂ ಗೊತ್ತಿಲ್ವಲ್ಲ ನಿಂಗೆ!” ಎಂದು ನಕ್ಕಿದ್ದಳು. ಬೇರೆ ಮನೆಯಾದ ಮೇಲೆ ಅವಳು ಇಲ್ಲಿ ನಕ್ಕಿದ್ದು ಅದೇ ಮೊದಲು.

ಆದರೆ ಅಂಗೈಯಗಲದ ಹಿತ್ತಿಲು ಎಷ್ಟು ದಿನ ಒದಗೀತು? “ಇಲ್ಲಿ ನೋಡೋಕೆ ಏನೂ ಉಳಿದಿಲ್ಲಪ್ಪ. ಮುಂದಿನ ವಾರ ಬರಲೇಬೇಕಾ?” ಎಂದು ಕೇಳಿದಳು. ಆ ಮಾತು ಅವನ ನಿದ್ದೆಗೆಡಿಸಿತು. ಪಕ್ಕದ ಕಟ್ಟಡದ ಮೇಲ್ಮಹಡಿಗೆ ಬಣ್ಣ ಹೊಡೆಯುವಾಗ, ಹಿತ್ತಿಲ ಮರದ ತುದಿಯಲ್ಲಿ ಗೂಡೊಂದು ಅವನ ಕಣ್ಣಿಗೆ ಬಿದ್ದಿತ್ತು. ನೆಲದಿಂದ ಅದು ಕಾಣುತ್ತಿರಲಿಲ್ಲ. ಶನಿವಾರ ಏಣಿ ಹಾಕಿ ಹತ್ತಿದ. ಮೊಟ್ಟೆ ಸಮೇತ ಗೂಡನ್ನು ಇಳಿಸಿ, ಏಣಿಗೆ ಡಬ್ಬ ನೇತುಹಾಕುವ ತಂತಿಯಿಂದ ಕಿಟಕಿಯೆದುರಿನ ಕೊಂಬೆಗೆ ಬಿಗಿದ. ಪೆದ್ದ! ಮನೆ ಎಲ್ಲಿಟ್ಟರೂ ತಾಯಿ ಹುಡುಕಿಕೊಂಡು ಬಂದೇ ಬರುತ್ತಾಳೆ ಎಂದುಕೊಂಡಿದ್ದ.

ಮರುದಿನ ಮಗಳು ಗೂಡು ನೋಡಿ ಕುಣಿದಾಡಿದಳು. “ಮುಂದಿನ ವಾರ ಬೇಗ ಬರ್ತೀನಿ” ಎಂದು ತಾನಾಗಿಯೇ ಹೇಳಿ ಹೋದಳು. ಹಕ್ಕಿ ಮಾತ್ರ ಮರದ ತುದಿಯಲ್ಲೇ ಕೂತು ಒಂದೆರಡು ದಿನ ಕೂಗಿಕೊಂಡಿತು. ಆಮೇಲೆ ಅದರ ಸದ್ದೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂದು ಏನು ಪ್ರಯೋಜನ?

“ಹೇಳಪ್ಪ. ಯಾರು ಕಟ್ಟಿದ್ದು?”

“ನಾನೇ, ಮರಿ.”

“ಮೊದಲು ಎಲ್ಲಿತ್ತು?”

“ಮೇಲೆ. ತುದೀಲಿ.”

“ಮತ್ತೆ ನೀನ್ಯಾಕೆ ಮುಟ್ಟಿದೆ?”

“ನೀನು ಬರಲಿ ಅಂತ” ಎಂದ.

ಮಗಳ ಮುಖ ಕೆಂಪಾಯಿತು. “ಅದಕ್ಕೇ ಅದರಮ್ಮ ಬರ್ತಿಲ್ಲ! ವಾಪಸ್ ಇಡು. ಈಗಲೇ ಇಡು!” ಎಂದು ಕಿರುಚಿ, ಪುಸ್ತಕ ಅಲ್ಲೇ ಬಿಟ್ಟು ಹಿತ್ತಿಲಿಗೆ ಓಡಿದಳು.

ಅವನು ಏಣಿ ತಂದು ಮರಕ್ಕೆ ಒರಗಿಸಿದ. ನೆಲ ಮೆತ್ತಗಿತ್ತು, ಏಣಿ ವಾಲಿತು. ಮಗಳು ಎರಡೂ ಕೈಯಿಂದ ಅದನ್ನು ಅವುಚಿ ಹಿಡಿದಳು. ತಂತಿ ಬಿಚ್ಚಿದ ಗೂಡನ್ನು ಎದೆಗೊತ್ತಿಕೊಂಡು ಅವನು ಹತ್ತಿದ. ಬೆರಳಿಗೆ ತಾಗಿದ ಮೊಟ್ಟೆಗಳು ಕಲ್ಲಿನಂತೆ ತಣ್ಣಗಿದ್ದವು. ಹಳೆಯ ಕವಲು ಹುಡುಕಿ ಗೂಡನ್ನು ಅಲ್ಲಿ ಕೂರಿಸಿದ.

“ಈಗ ಬರುತ್ತಾ?” ಕೆಳಗಿನಿಂದ ಅವಳು ಕೇಳಿದಳು.

ಬರುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ ಇನ್ನೊಂದು ಭಾನುವಾರ ಸಿಗುತ್ತಿತ್ತು. ಅವಳು ಈ ಮರದಡಿ ಕೂತು, ಅದೇ ಸಾಲು ಬರೆಯುತ್ತಾ ದಿನವಿಡೀ ಕಾಯುತ್ತಿದ್ದಳು.

“ಇಲ್ಲ ಮಗಳೇ. ಮೊಟ್ಟೆ ತಣ್ಣಗಾಗಿದೆ. ಇನ್ನು ಬರಲ್ಲ.”

ಅಷ್ಟರಲ್ಲಿ ಗೇಟಿನ ಬಳಿ ಸ್ಕೂಟರ್ ನಿಂತಿತು.

“ಬಾರೇ, ಹೊತ್ತಾಯ್ತು!” ಅವಳಮ್ಮ ಅಲ್ಲಿಂದಲೇ ಕೂಗಿದಳು. “ಮುಂದಿನ ವಾರ ಬರ್ತೀಯೋ ಇಲ್ವೋ, ಈಗಲೇ ಹೇಳಿಬಿಡು. ನಂಗೆ ಬೇರೆ ಕೆಲಸ ಇದೆ.”

“ಬರಲ್ಲ.”

ಎಲೆಗಳ ಸಂದಿಯಿಂದ ಅವನಿಗೆ ಮಗಳ ಬೈತಲೆಯಷ್ಟೇ ಕಾಣುತ್ತಿತ್ತು. ಅವಳು ತಲೆ ಎತ್ತಲಿಲ್ಲ.

“ಸರಿ, ಹಾಗಾದ್ರೆ ಈಗ ಬೇಗ ಬಾ.”

“ತಾಳಮ್ಮ. ನಾನು ಬಿಟ್ರೆ ಅಪ್ಪ ಬೀಳ್ತಾನೆ.”

ಮೇಲೆ ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಇಳಿಯುವುದೊಂದೇ ಬಾಕಿ. ಅವನು ಗೂಡಿನ ಕಡ್ಡಿಗಳನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಾ ಅಲ್ಲೇ ನಿಂತ.