ಪ್ರೇಮಲೀಲಮ್ಮನವರ ಪಂದ್ಯಾವಳಿ

ಅಗ್ರಹಾರದಲ್ಲಿ ವಿಭೂತಿ, ಕರ್ಪೂರ, ಬಿಲ್ವಪತ್ರೆ ಮಾರುವ ಅಂಗಡಿಯ ಶಿವಮಲ್ಲಪ್ಪನವರ ಹೆಂಡತಿ ಪ್ರೇಮಲೀಲಮ್ಮನವರು ಕಿಕ್‌ಬಾಕ್ಸಿಂಗ್ ನೋಡುತ್ತಿದ್ದರು. ಬೀದಿಯವರಿಗೆಲ್ಲ ಇದು ಗೊತ್ತಿತ್ತು. ಇದರಲ್ಲಿ ವಿಶೇಷವೇನಾದರೂ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ದಿನವೂ ಬೆಳಿಗ್ಗೆ ಲಿಂಗಪೂಜೆ, ಸೋಮವಾರ ಒಪ್ಪೊತ್ತು, ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಜಪಾನಿನಲ್ಲಿ ಎಂಟು ಮಂದಿ ಭಾರಿ ಆಳುಗಳು ಒಬ್ಬರನ್ನೊಬ್ಬರು ಒದೆಯುವುದು. ಇಷ್ಟೂ ಆ ಮನೆಯ ನೇಮ.

ಆಕೆಯ ತಂದೆ ಗರಡಿಯ ಪೈಲ್ವಾನರು. ದಸರಾ ಕುಸ್ತಿಗೆ ಮುಂಚೆ ಹಿರಿಯರು ಕೂತು, ತೂಕ ವಯಸ್ಸು ನೋಡಿ, ಯಾರ ಮೇಲೆ ಯಾರು ಎಂದು ಜೋಡಿ ಕಟ್ಟುವುದನ್ನು ಆಕೆ ಚಿಕ್ಕಂದಿನಲ್ಲಿ ಕಂಡಿದ್ದರು. ಜಪಾನಿನವರು ಕಟ್ಟಿದ ಜೋಡಿ ಅವರಿಗೆ ಒಂದು ವರ್ಷವೂ ಒಪ್ಪಿಗೆಯಾಗಲಿಲ್ಲ. ಪಂದ್ಯಾವಳಿಗೆ ಒಂದು ವಾರ ಇರುವಾಗಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾವೇ ಬೇರೆ ಜೋಡಿ ಕಟ್ಟುತ್ತಿದ್ದರು. ಪರದೇಶದ ಹೆಸರುಗಳು ನಾಲಿಗೆಗೆ ಬಾರದ್ದರಿಂದ ಆಳುಗಳಿಗೆ ಮರಗಾಲು, ಬೋಳಪ್ಪ, ಗೂಳಿಕತ್ತು ಎಂದು ಹೆಸರಿಟ್ಟಿದ್ದರು. ಈ ಸಭೆಗೆ ಮೂವರು ಬರುತ್ತಿದ್ದರು: ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟು ಮಾಡುವ ಸಿದ್ದೇಶ್, ಬೀದಿಯ ಕೊನೆಯ ದರ್ಜಿ ಮಂಟಯ್ಯ, ಶಿವಮಲ್ಲಪ್ಪನವರ ಅಂಗಡಿಯ ಜಗಲಿಯಲ್ಲೇ ಹೂ ಮಾರುವ ಚಾಮುಂಡಮ್ಮ.

ಅವರು ಬಂದೊಡನೆ ಶಿವಮಲ್ಲಪ್ಪನವರು ವಚನದ ಪುಸ್ತಕ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೀಗೆ ಏಳು ವರ್ಷ ನಡೆಯಿತು.

ಎರಡು ಸಾವಿರದ ಮೂರನೆಯ ಇಸವಿಯ ಆಷಾಢದಲ್ಲಿ ಪ್ರೇಮಲೀಲಮ್ಮನವರು ಲಿಂಗೈಕ್ಯರಾದರು. ನಂಜನಗೂಡಿನಿಂದ ಬಂದಿದ್ದ ಅವರ ತಂಗಿ ಮಹದೇವಮ್ಮ ಹೊರಡುವ ಮುಂಚೆ ಟಿವಿಯ ಮೇಲೆ ಒಂದು ದುಪ್ಪಟಿ ಹೊದಿಸಿ, "ವರ್ಷ ತುಂಬೋಗಂಟ ಇದನ್ನ ತೆಗೀಬೇಡಿ ಭಾವ," ಎಂದು ಹೇಳಿಹೋದರು. ಶಿವಮಲ್ಲಪ್ಪನವರು ತೆಗೆಯಲಿಲ್ಲ. ಅದು ಮಾತಿಗೆ ಕೊಟ್ಟ ಬೆಲೆಯಲ್ಲ. ತೆಗೆದರೆ ಏನು ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ.

ನವೆಂಬರ್ ಕಳೆಯಿತು. ಒಂದು ಸಂಜೆ ಅವರು ಅಂಗಡಿಯಲ್ಲಿ ವಿಭೂತಿ ಗಟ್ಟಿಗಳನ್ನು ಜೋಡಿಸುತ್ತಿದ್ದಾಗ, ಜಗಲಿಯಲ್ಲಿ ಸಿದ್ದೇಶ್ ಚಾಮುಂಡಮ್ಮನಿಗೆ ಹೇಳುವುದು ಕೇಳಿಸಿತು.

"ಶನಿವಾರ ರಜಾ ಹಾಕಿವ್ನಿ ಕಣಕ್ಕ. ಮಂಟಯ್ಯನ ಅಂಗಡೀಲೇ ನೋಡ್ಬುಡೋಣ."

"ಮೆಲ್ಲಗೆ ಮಾತಾಡು. ಒಳಗೌರೆ," ಎಂದಳು ಚಾಮುಂಡಮ್ಮ.

ಅಂದು ರಾತ್ರಿ ಊಟ ಶಿವಮಲ್ಲಪ್ಪನವರಿಗೆ ಸೇರಲಿಲ್ಲ. ಐದು ತಿಂಗಳಿಂದ ಆ ಮನೆಯಲ್ಲಿ ಗಡಿಯಾರದ ಶಬ್ದ ಬಿಟ್ಟರೆ ಬೇರೆ ಶಬ್ದವಿರಲಿಲ್ಲ. ಡಿಸೆಂಬರ್ ಬಂದರೆ ಆ ಮೂವರೂ ಬರುತ್ತಾರೆ, ಕಿರುಚುತ್ತಾರೆ, ಒಂದು ಮಧ್ಯಾಹ್ನವಾದರೂ ಮನೆ ಮೊದಲಿನಂತೆ ಇರುತ್ತದೆ ಎಂದು ಅವರು ನಂಬಿದ್ದರು. ಹಾಗೆ ನಂಬಿದ್ದರೆಂಬುದು ಆವರೆಗೆ ಅವರಿಗೇ ತಿಳಿದಿರಲಿಲ್ಲ.

ಕಾರಣವನ್ನು ಅವರು ಬೇಗ ಕಂಡುಕೊಂಡರು. ಸಾವಿನ ಮನೆ, ವರ್ಷ ತುಂಬಿಲ್ಲ, ಸೂತಕವೆಂದು ಬರುತ್ತಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಲವತ್ತು ವರ್ಷ ಬೀದಿಗೆಲ್ಲ ಹೇಳಿದವರು ಅವರು. ಹಿಂದೊಮ್ಮೆ ಅದನ್ನು ತೋರಿಸಿಕೊಡಲು ಸಾವಿನ ಮನೆಯೊಂದಕ್ಕೆ ಕರೆಯದೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದರು. ಈಗ ತಮ್ಮ ಮನೆಗೇ ಸೂತಕ ಬಂದಿತ್ತು. ಅವರು ದುಪ್ಪಟಿಯನ್ನು ತೆಗೆದು ಮಡಿಸಿಟ್ಟು, ಒಂದು ಹಾಳೆಯಲ್ಲಿ ಏಳು ವಾದಗಳನ್ನು ಬರೆದುಕೊಂಡರು.

ಗುರುವಾರ ಸಂಜೆ ಮಂಟಯ್ಯನ ಅಂಗಡಿಗೆ ಹೋದರು. ಮೂವರೂ ಅಲ್ಲೇ ಇದ್ದರು. ಮೂಲೆಯಲ್ಲಿ ಹದಿನಾಲ್ಕು ಅಂಗುಲದ ಕಪ್ಪುಬಿಳುಪು ಟಿವಿ ಇತ್ತು.

"ಬನ್ನಿ ಶಿವಮಲ್ಲಪ್ಪನೋರೆ, ಕೂತ್ಕಳಿ," ಎಂದು ಮಂಟಯ್ಯ ಸ್ಟೂಲಿನ ಮೇಲಿದ್ದ ರವಿಕೆ ಬಟ್ಟೆಗಳನ್ನು ತೆಗೆದ.

ಅವರು ಕೂರಲಿಲ್ಲ. ನಿಂತುಕೊಂಡೇ ಮಾತು ಆರಂಭಿಸಿದರು. ದೇಹ ಮಣ್ಣಿಗೆ, ಪ್ರಾಣ ಲಿಂಗಕ್ಕೆ ಎಂದಮೇಲೆ ಮೈಲಿಗೆ ಎಲ್ಲಿ ಅಂಟಿಕೊಳ್ಳುತ್ತದೆ ಎಂದು ಕೇಳಿದರು. ನಾಲ್ಕನೆಯ ವಾದದ ಹೊತ್ತಿಗೆ ಮಂಟಯ್ಯ ಹೊಲಿಗೆ ಯಂತ್ರದಿಂದ ಕಾಲು ತೆಗೆದಿದ್ದ. ಚಾಮುಂಡಮ್ಮ ಸೆರಗು ಹೊದ್ದು ಕೈಮುಗಿದು ಕೂತಿದ್ದಳು. ಏಳನೆಯದು ಮುಗಿದಾಗ ಸಿದ್ದೇಶ್ ಕೇಳಿದ:

"ಚೆನ್ನಾಗಿ ಯೋಳುದ್ರಿ. ಆದ್ರೆ ಸೂತಕ ಯಾರಿಗೆ ಬಂದದೆ?"

"ನನಗೆ. ಅದಕ್ಕೇ ಅಲ್ಲವೇ ನೀವು ಶನಿವಾರ ನಮ್ಮನೆಗೆ ಬರದೇ ಇರೋದು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಚಾಮುಂಡಮ್ಮ ಮುಗಿದ ಕೈ ಬಿಚ್ಚಿದಳು.

"ಸೂತಕ ಅಲ್ಲ ಬುದ್ಧಿ. ನಿಮ್ಮ ಬಾಗಿಲು."

"ಬಾಗಿಲು?"

"ನಾವು ವಸ್ತಿಲು ದಾಟ್ತಿದ್ದಂಗೇ ದಢಾರ್ ಅಂತ ಆಕ್ಕೊಳ್ತಿದ್ರಲ್ಲ, ಒಳಕ್ವಾಣೆ ಬಾಗ್ಲು. ಏಳು ವರ್ಸ. ಅಮ್ಮೋರು ಇದ್ರು, ಅವ್ರ ಮಕ ನೋಡ್ಕಂಡು ಬತ್ತಿದ್ದೊ. ಈಗ ಯಾರ ಮಕ ನೋಡ್ಕಂಡು ಬರೋದು?"

ಇದಕ್ಕೆ ಶಿವಮಲ್ಲಪ್ಪನವರ ಹಾಳೆಯಲ್ಲಿ ಏನೂ ಇರಲಿಲ್ಲ. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಅವರು ಎದ್ದು ಹೋಗಬಹುದೆಂದು ಎಲ್ಲರೂ ಸ್ವಲ್ಪ ಹೊತ್ತು ಕಾದರು. ಹೋಗದ್ದರಿಂದ, ಮೂವರೂ ಮುಂಚೆ ಆಡುತ್ತಿದ್ದ ಜಗಳಕ್ಕೆ ಮೆಲ್ಲನೆ ಹಿಂತಿರುಗಿದರು.

"ಮರಗಾಲು ಆಚೆ ವರ್ಸ ಸೆಮಿಫೈನಲ್ಲಲ್ಲಿ ಸೋತ ಕಣೋ. ಪಾಯಿಂಟ್ ಮ್ಯಾಲೆ," ಎಂದ ಮಂಟಯ್ಯ.

"ಪಾಯಿಂಟ್ ಅಲ್ಲ ಕಣಣ್ಣ, ಮಕಾಡೆ ಬಿದ್ದ. ನೀನು ಕಾಫಿ ಕುಡೀತಿದ್ದೆ," ಎಂದ ಸಿದ್ದೇಶ್.

"ಸೆಮಿಫೈನಲ್ ಅಲ್ಲ," ಎಂದರು ಶಿವಮಲ್ಲಪ್ಪನವರು. "ಮೊದಲನೇ ಪಂದ್ಯ. ಎರಡನೇ ರೌಂಡಿನಲ್ಲಿ ಹುಬ್ಬು ಒಡೀತು, ಡಾಕ್ಟ್ರು ನಿಲ್ಲಿಸಿದರು. ಸೆಮಿಫೈನಲ್‌ನಲ್ಲಿ ಮಕಾಡೆ ಬಿದ್ದೋನು ಬೋಳಪ್ಪ."

ಮೂವರೂ ಅವರ ಕಡೆ ತಿರುಗಿದರು.

"ನೀವೆಲ್ಲಿ ನೋಡಿದ್ರಿ?" ಎಂದ ಸಿದ್ದೇಶ್.

"ನೋಡಲಿಲ್ಲ."

"ಮತ್ತೆ?"

"ಆ ಬಾಗಿಲು ಹಲಸಿನದು. ಕೆಳಗಡೆ ಎರಡು ಬೆರಳು ಸಂದಿದೆ. ಎಲ್ಲಾ ಕೇಳಿಸುತ್ತೆ."

ಚಾಮುಂಡಮ್ಮ ಅವರನ್ನು ದಿಟ್ಟಿಸಿದಳು. "ಅಂದ್ರೆ ಬಾಗ್ಲು ಆಕ್ತಿದ್ದುದ್ದು ಕ್ವಾಪಕ್ಕಲ್ವಾ?"

ಅವರು ಯೋಚಿಸಿ ಉತ್ತರ ಕೊಟ್ಟರು. "ಮೊದಲನೇ ವರ್ಷ ಕೋಪಕ್ಕೆ. ಎರಡನೇ ವರ್ಷದಿಂದ, ಹಾಕದೇ ಇದ್ದರೆ ಚೆನ್ನಾಗಿರಲ್ಲ ಅಂತ."

ಸಿದ್ದೇಶನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ಸರಿ, ಈ ಸಲದ ಜೋಡಿ ಗೊತ್ತಾ?"

"ಗೊತ್ತು. ಪತ್ರಿಕೇಲಿ ನಾಲ್ಕು ಸಾಲು ಬಂದಿತ್ತು. ಅನ್ಯಾಯ. ಮರಗಾಲಿನ ಮೇಲೆ ಒಬ್ಬ ಹೊಸಬನನ್ನು ಬಿಟ್ಟಿದ್ದಾರೆ. ಮೂವತ್ತು ಕೆಜಿ ವ್ಯತ್ಯಾಸ. ಗರಡಿಯಲ್ಲಾಗಿದ್ದರೆ ಹಿರಿಯರು ಎದ್ದು ಹೋಗೋರು."

"ಅಮ್ಮೋರು ಇದ್ದಂಗೇ ಅದೆ ಮಾತು," ಎಂದ ಮಂಟಯ್ಯ. ಆಮೇಲೆ ತನ್ನ ಟಿವಿಯ ಕಡೆ ನೋಡಿದ. "ದಿಟ ಯೋಳ್ಬೇಕು ಅಂದ್ರೆ ಇದ್ರಲ್ಲಿ ಕೆಂಪು ಚಡ್ಡಿ, ನೀಲಿ ಚಡ್ಡಿ ಎರಡೂ ಒಂದೇ ಕಣ್ರೀ. ಮೊನ್ನೆ ಒಂದು ಪಂದ್ಯದಲ್ಲಿ ಕೊನೇಗಂಟ ಸೋತೋನಿಗೇ ಚಪ್ಪಾಳೆ ವಡ್ದಿವ್ನಿ."

"ಹಾಗಾದರೆ ಬಂದುಬುಡಿ," ಎಂದರು ಶಿವಮಲ್ಲಪ್ಪನವರು. "ಒಂದೂವರೆಗೆ ಶುರು. ಕಾಫಿ ನಾನು ಮಾಡ್ತೀನಿ."

"ಕಾಫಿ ನಾನು ಮಾಡ್ತೀನಿ," ಎಂದಳು ಚಾಮುಂಡಮ್ಮ. "ನೀವು ಬಾಗ್ಲು ತೆಗ್ದಿಡಿ, ಸಾಕು."

ಶನಿವಾರ ಒಂದು ಗಂಟೆಗೇ ಮೂವರೂ ಬಂದರು. ಮೊದಲ ಹತ್ತು ನಿಮಿಷ ಸಭ್ಯವಾಗಿ ಕೂತಿದ್ದರು. ಮರಗಾಲು ಬಂದು ಹೊಸಬನ ತೊಡೆಗೆ ಒಂದು ಬಾರಿಸಿದ್ದೇ ತಡ ಮಂಟಯ್ಯ ಎದ್ದು ನಿಂತ. ಆ ಮೇಲೆ ಯಾರೂ ಸಭ್ಯರಾಗಿರಲಿಲ್ಲ. ಶಿವಮಲ್ಲಪ್ಪನವರು ಕಿರುಚಲಿಲ್ಲ. ಆದರೆ ಯಾರಾದರೂ ಬಿದ್ದಾಗಲೆಲ್ಲ ಶಿವಾ ಎನ್ನುತ್ತಿದ್ದರು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದಿದ್ದರು. ಆಳುಗಳ ಮುಖವನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ಏಳು ವರ್ಷ ಅವರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬೋಳಪ್ಪನಿಗೆ ಮೀಸೆಯಿತ್ತು, ಇವನಿಗೆ ಇರಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ಫೈನಲ್ ಬಂತು. ಮರಗಾಲು, ಗೂಳಿಕತ್ತು. ಮೊದಲ ರೌಂಡು ಮುಗಿದು ಎರಡನೆಯದಕ್ಕೆ ಗಂಟೆ ಹೊಡೆಯಿತು. ಕರೆಂಟು ಹೋಯಿತು.

ಸಿದ್ದೇಶ್ ಬಾಗಿಲಿಗೆ ಹೋಗಿ ನೋಡಿ ಬಂದು, "ಇಡೀ ಬೀದಿಗೆ ಇಲ್ಲ," ಎಂದ. ಶಿವಮಲ್ಲಪ್ಪನವರಿಗೆ ಗಡಿಯಾರದ ಶಬ್ದ ಕೇಳಿಸಿತು. ಈಗ ಇವರು ಏಳುತ್ತಾರೆ ಎಂದುಕೊಂಡರು. ಏಳಬೇಡಿ ಎನ್ನಲು ಅವರಿಗೆ ಕಾರಣವೊಂದೂ ಸಿಗಲಿಲ್ಲ. ಏಳು ವಾದ ಬರೆದ ಮನುಷ್ಯನಿಗೆ ಒಂದೂ ಹೊಳೆಯಲಿಲ್ಲ. ಅದಕ್ಕೇ ಇದ್ದದ್ದನ್ನು ಹೇಳಿದರು.

"ಫೈನಲ್ ಬಂದಾಗ ಅವಳು ನನ್ನ ಕರೀತಿದ್ದಳು. ಏನ್ರೀ, ಫೈನಲ್ ಬಂತು, ಬನ್ನಿ ಅಂತ. ಬಾಗಿಲ ಹತ್ತಿರ ಬಂದು ಕರೀತಿದ್ದಳು. ನಾನು ನಿದ್ದೆ ಬಂದವನ ಹಾಗೆ ಸುಮ್ಮನೆ ಇರ್ತಿದ್ದೆ."

ಚಾಮುಂಡಮ್ಮ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಏಳು ಸಲ," ಎಂದರು ಅವರು.

"ಕರೀತಿದ್ರು," ಎಂದ ಮಂಟಯ್ಯ. "ವಾಪಸ್ ಬಂದು ಕೂತ್ಕಂಡು ನಮಗೆ ಯೋಳೋರು, ಗಟ್ಟಿಯಾಗಿ ಕಿರುಚ್ರೋ, ಒಳಗೆ ಸರ್ಯಾಗಿ ಕೇಳ್ಸಲ್ಲ ಅಂತ. ನಾವು ತಮಾಸೆ ಅಂದ್ಕಂಡಿದ್ದೊ."

ಶಿವಮಲ್ಲಪ್ಪನವರು ಕರಡಿಗೆಯನ್ನು ಬಿಟ್ಟು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಸಿದ್ದೇಶ್ ಗೋಡೆಗೆ ಒರಗಿ ಕಾಲು ಚಾಚಿ, ಜಪಾನಿನಲ್ಲಿ ಈಗ ಮೂರನೇ ರೌಂಡು ನಡೆಯುತ್ತಿರಬೇಕು, ಗೂಳಿಕತ್ತಿನವನಿಗೆ ದಮ್ಮು ಸಾಲದು ಎಂದ. ದಮ್ಮಿಗೇನಾಗಿದೆ ಎಂದು ಮಂಟಯ್ಯ ಕೇಳಿದ. ಚಾಮುಂಡಮ್ಮ ಇನ್ನೊಂದು ಸುತ್ತು ಕಾಫಿಗೆ ಎದ್ದಳು.

ಕರೆಂಟು ಬಂದಾಗ ಐದೂವರೆ. ಪಂದ್ಯಾವಳಿ ಮುಗಿದಿತ್ತು. ಪರದೆಯ ಮೇಲೆ ಬಿಳಿ ಟೋಪಿಯ ಒಬ್ಬ ಮನುಷ್ಯ ಹುಲ್ಲಿನ ಮೇಲೆ ಸಣ್ಣ ಚೆಂಡನ್ನು ಇಟ್ಟು ಅದನ್ನೇ ನೋಡುತ್ತಿದ್ದ.

"ಇದೇನು ಆಟ?" ಎಂದಳು ಚಾಮುಂಡಮ್ಮ.

"ಗಾಲ್ಫು," ಎಂದ ಸಿದ್ದೇಶ್.

ಯಾರೂ ಏಳಲಿಲ್ಲ. ಆ ಮನುಷ್ಯ ಚೆಂಡನ್ನು ಹೊಡೆಯುತ್ತಾನೋ ಇಲ್ಲವೋ ಎಂದು ನಾಲ್ವರೂ ನೋಡುತ್ತಾ ಕೂತರು.